ಕುಶಾಲಪ್ಪನ ಮಂಜುದೀಪ

ಲೋಕದಲ್ಲಿ ಏನು ಕೆಟ್ಟರೂ ಅದಕ್ಕೆ ವೈರೇ ಕಾರಣ ಎಂದು ನಂಬಿದ್ದ ಮನುಷ್ಯ ಕುಶಾಲಪ್ಪ. ಇಪ್ಪತ್ತೆರಡು ವರ್ಷ ಪಟಾಲಮಿನ ವರ್ಕ್‌ಷಾಪಿನಲ್ಲಿ ಲಾರಿ ಜೀಪುಗಳ ಹೊಟ್ಟೆಯೊಳಗೆ ಕೈಯಾಡಿಸಿ, ಹವಾಲ್ದಾರನಾಗಿ ಪೆನ್ಶನ್ ತೆಗೆದುಕೊಂಡು ಬಂದವನು. ನಂಬಿಕೆ ಹಾಗೆ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ರೇಡಿಯೋ ಗೊರಗುಟ್ಟಿದರೆ ವೈರು, ಟಾರ್ಚು ಹತ್ತದಿದ್ದರೆ ವೈರು. ಒಮ್ಮೆ ಹೆಂಡತಿ ಪೂವಮ್ಮನಿಗೆ ಸೊಂಟ ಹಿಡಿದು ಏಳಲಾಗದೆ ಮಲಗಿದಾಗಲೂ ಬಾಗಿಲಲ್ಲಿ ನಿಂತು, "ಎಲ್ಲೋ ಒಂದ್ ಕನೆಕ್ಷನ್ ಲೂಸ್ ಆಗುಟ್ಟು," ಎಂದಿದ್ದ. ಆ ನೋವಿನಲ್ಲೂ ಪೂವಮ್ಮನಿಗೆ ನಗು ಬಂದು, ನಕ್ಕದ್ದಕ್ಕೆ ಸೊಂಟ ಇನ್ನಷ್ಟು ಹಿಡಿದುಕೊಂಡಿತ್ತು.

ಇವರು ಮೂಲದಲ್ಲಿ ಭಾಗಮಂಡಲದ ಕಡೆಯ ಗೌಡರು. ಪಟಾಲಮಿನಿಂದ ಬಂದ ಮೇಲೆ ಗೋಣಿಕೊಪ್ಪಲಿನಿಂದ ಮೂರು ಮೈಲಿ ಒಳಗೆ ಹನ್ನೆರಡು ಎಕರೆ ಕಾಫಿ ಮಾಡಿಕೊಂಡು ಕೂತಿದ್ದರು. ಮನೆಯೊಳಗೆ ಅರೆಭಾಷೆ, ಸಂತೆಯಲ್ಲಿ ಕೊಡವ ತಕ್ಕ್, ಆಳುಗಳ ಹತ್ತಿರ ಕನ್ನಡವೋ ಮಲೆಯಾಳವೋ ಬಾಯಿಗೆ ಬಂದದ್ದು. ಹಿಂದೂಸ್ತಾನಿ ಮಾತ್ರ ಕಾರಿಗೆ ಮೀಸಲು, ಅದೂ ಬೈಯುವುದಕ್ಕೆ.

ಆ ಕಾರು ಊರು ಬಿಟ್ಟು ಹೋದ ಒಬ್ಬ ಬಿಳಿಯ ದೊರೆಯದು. ಕಪ್ಪು ಬಣ್ಣ, ಉಬ್ಬಿದ ಕೆನ್ನೆಯಂಥ ಮಡ್‌ಗಾರ್ಡು, ಅದರ ನಡುವೆ ಎರಡು ದುಂಡು ದೀಪ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಒಳರಸ್ತೆಗೆ ಟಾರು ಬರುತ್ತದೆ ಎಂಬ ಸುದ್ದಿ ಬಂದಿತ್ತು, ಟಾರು ಬಂದಿರಲಿಲ್ಲ. ಆ ಮಣ್ಣುರಸ್ತೆಯ ಉದ್ದಕ್ಕೂ ಇದ್ದದ್ದು ಇದೊಂದೇ ಕಾರು. ಮರದಿಂದ ಬಿದ್ದವರು, ಹಾವು ಕಚ್ಚಿಸಿಕೊಂಡವರು, ನೋವು ತಿನ್ನುವ ಬಸುರಿಯರು, ಯಾರಿಗೆ ಏನಾದರೂ ಮನೆಯವರು ಓಡಿಬರುತ್ತಿದ್ದುದು ಕುಶಾಲಪ್ಪನ ಅಂಗಳಕ್ಕೆ. ಅವನೂ ಅಷ್ಟೇ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ. "ಹವಾಲ್ದಾರರು ಇರುವಾಗ ನಮಗೇನು" ಎಂದು ಜನ ಹೇಳುವ ಆ ಒಂದು ಮಾತು ಕಿವಿಗೆ ಬಿದ್ದರೆ ಅವನಿಗೆ ಎರಡು ಹೊತ್ತಿನ ಊಟ ಬೇಕಾಗುತ್ತಿರಲಿಲ್ಲ. ಪೂವಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಕುಶಾಲಪ್ಪ ಮೊದಲ ಸಲ ದೀಪದ ಮೇಲೆ ದೂರು ಹೇಳಿದ. ಸಂಜೆ ಬರುವಾಗ ಕಾರನ್ನು ಗೇಟಿನ ಕಂಬಕ್ಕೆ ಉಜ್ಜಿಕೊಂಡು ಬಂದಿದ್ದ. "ಆರು ವೋಲ್ಟ್ ದೀಪ ಅಲಾ, ಮಿಂಚುಹುಳಕ್ಕೆ ಇದಕ್ಕಿಂತ ಬೆಳ್ಕ್ ಉಟ್ಟು," ಎಂದ. ಅಲ್ಲಿಂದ ಸುರುವಾಯಿತು ನೋಡಿ ರಿಪೇರಿ.

ಮೊದಲು ದೀಪದೊಳಗಿನ ಬಟ್ಟಲುಗಳನ್ನು ಬಿಚ್ಚಿದ. ಬೆಳಕನ್ನು ಮುಂದಕ್ಕೆ ತಳ್ಳುವ ಆ ಬಟ್ಟಲುಗಳು ಹೊಳಪು ಹೋಗಿ ಹಳೆಯ ಚಮಚದಂತೆ ಕಪ್ಪಾಗಿದ್ದವು. ಅವನ್ನು ಬಟ್ಟೆಯಲ್ಲಿ ಸುತ್ತಿ ಗೋಣಿಕೊಪ್ಪಲಿನ ಅಕ್ಕಸಾಲಿಗನ ಹತ್ತಿರ ಒಯ್ದ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಒರೆಗೆ ಬೆಳ್ಳಿ ಕಟ್ಟಿ ಅಭ್ಯಾಸವಿದ್ದ ಆ ಮನುಷ್ಯ ಕಾರಿನ ದೀಪಕ್ಕೆ ಬೆಳ್ಳಿ ಬಳಿದದ್ದು ಅದೇ ಮೊದಲು. ಬೆಳ್ಳಿ ಪೂವಮ್ಮನದು, ತುಂಡಾಗಿ ಡಬ್ಬಿಯಲ್ಲಿ ಬಿದ್ದಿದ್ದ ಸರ. ಮನೆಗೆ ತಂದು ಹತ್ತಿಸಿದ ದಿನ ಕುಶಾಲಪ್ಪ ಹಾಲು ಚೆಲ್ಲಿದ ಹಾಗೆ ಆಯಿತು ಎಂದು ಕುಣಿದ. ಎಂಟು ದಿನಕ್ಕೆ, "ಸಾಕಾಲೆ," ಎಂದು ಮುಖ ಸಿಂಡರಿಸಿದ, ಆ ಬೆಳಕೂ ಸಾಲದಂತೆ.

ಆಮೇಲೆ ವೋಲ್ಟಿಗೆ ಕೈ ಹಾಕಿದ. ಮೈಸೂರಿನಲ್ಲಿ ಮಿಲಿಟರಿ ಹಳೆ ಸಾಮಾನು ಮಾರುವ ಅಂಗಡಿಯಿಂದ ಹನ್ನೆರಡು ವೋಲ್ಟಿನ ಬ್ಯಾಟರಿ, ಡೈನಮೊ, ಹೆಬ್ಬೆಟ್ಟಿನ ದಪ್ಪದ ವೈರಿನ ಸುರುಳಿ, ಹೊಸ ಬಲ್ಬು ಎಲ್ಲ ಬಂದವು. ಹತ್ತು ದಿನ ಕಾರು ಶೆಡ್ಡಿನಲ್ಲಿ ಬಾಯಿ ತೆರೆದುಕೊಂಡು ನಿಂತಿತು. ಪೂವಮ್ಮನಿಗೆ ಅಡಿಗೆಮನೆಯಿಂದ ಬಿಡುವು ಸಿಕ್ಕಿದ ಕೂಡಲೇ ಕರೆ ಬರುತ್ತಿತ್ತು. ಆ ಸ್ಕ್ರೂ ನೀ ತಿರುಗಿಸು, ನಿನ್ನ ಬೆರಳು ಸಣ್ಣ. ಈ ವೈರು ಕೆಂಪಾ, ಕಂದಾ, ಹೇಳು. ಟೇಪು ಹಿಡಿದು ಎಷ್ಟು ಇಂಚು ಓದು. "ನೀನೂ ಕಲ್ತುಕೊ ಅಂತ," ಎಂದು ನಗುತ್ತಿದ್ದ. ಗಂಡ ಇಷ್ಟು ವರ್ಷಕ್ಕೆ ತನ್ನನ್ನೂ ಕೆಲಸಕ್ಕೆ ಸೇರಿಸಿಕೊಂಡನಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ. ಅವಳ ಸೀರೆಯ ಸೆರಗಿಗೆ ಗ್ರೀಸು ಅಂಟಿದ್ದು ಹೋಗಲೇ ಇಲ್ಲ.

ಹನ್ನೆರಡು ವೋಲ್ಟು ಹತ್ತಿದ ಸಂಜೆ ಆಳುಗಳೆಲ್ಲ ತಮ್ಮ ಲೈನುಮನೆಗಳಿಂದ ಬಂದು ನೋಡಿದರು. ಬೆಳಕು ಗದ್ದೆಯ ಆಚೆ ಬದಿಯ ಬಿದಿರುಮೆಳೆಗೆ ಹೋಗಿ ಮುಟ್ಟಿತು. ಎಲ್ಲರೂ ಹೋ ಎಂದರು. ಕುಶಾಲಪ್ಪನೂ ಹೋ ಎಂದ. ಮತ್ತೆ ಎಂಟು ದಿನಕ್ಕೆ, "ಮಂಜಿಗೆ ಇದು ಆಗ್ದುಲೆ, ಮಂಜಿಗೆ ಬೇರೆ ದೀಪ ಬೇಕು," ಎಂದು ಸುರುಮಾಡಿದ.

ಈ ಸಲ ಅವಸರಕ್ಕೆ ಕಾರಣವಿತ್ತು. ಪೂವಮ್ಮನ ತಂಗಿ ತಂಗಮ್ಮ ತೀರಿಕೊಂಡ ಮೇಲೆ ಅವಳ ಮಗಳು ದಮಯಂತಿ ಬೆಳೆದದ್ದು ಇವರ ಮನೆಯಲ್ಲೇ, ಇಬ್ಬರ ಬಾಯಲ್ಲೂ ಅವಳು 'ಗೂಡೆ', ಹುಡುಗಿ. ಇವರಿಗೂ ಸ್ವಂತ ಮಕ್ಕಳಿರಲಿಲ್ಲ. ಕಳೆದ ವರ್ಷ ಅವಳನ್ನು ನೆಲ್ಯಹುದಿಕೇರಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಬೆಳ್ಯಪ್ಪನಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಲ್ಲ, ಸುಗ್ಗಿಯ ಪುತ್ತರಿ ಹಬ್ಬ ಮುಗಿದ ವಾರ ಅವಳು ಪೆಟ್ಟಿಗೆ ಸಮೇತ ಬಂದಳು. ಅವಳು ಬಂದದ್ದೇ ಕುಶಾಲಪ್ಪನ ನಿದ್ದೆ ಹೋಯಿತು. ಜನವರಿಯ ಬೆಳಗಿನ ಮಂಜು ಅಂದರೆ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಗದ್ದೆಬಯಲಿಂದ ಎದ್ದು ಬಂದರೆ ಸ್ವಂತ ಕಾಲು ಕಾಣುವುದಿಲ್ಲ.

"ಗೂಡೆಗೆ ನೋವು ಮಂಜಿನ ಹೊತ್ತಿಗೇ ಬಂದ್ರೆ?" ಎಂದ ಹೆಂಡತಿಗೆ. "ಊರವರ್ನೆಲ್ಲ ಕರ್ಕೊಂಡು ಹೋದವ ನಮ್ಮ ಗೂಡೆನ ಕರ್ಕೊಂಡು ಹೋಗಿಕೆ ಆಗದೆ ಕೂರ್ದಾ?"

ಹಳೆ ಮಿಲಿಟರಿ ಲಾರಿಯದೊಂದು ಜೊತೆ ದೀಪ ಅವನ ಪೆಟ್ಟಿಗೆಯಲ್ಲಿತ್ತು. ಬೋರ್ಡು ಬರೆಯುವವನಿಂದ ಹಳದಿ ವಾರ್ನಿಷ್ ತಂದು ಗಾಜಿಗೆ ಎರಡು ಕೈ ಬಳಿದ. ಬೇಟೆಗೆ ಹೋಗುವವರು ಕಟ್ಟುವ ಹಾಗೆ ಮೇಲೆ ಕಟ್ಟಿ ಎಂದು ದಾರಿಹೋಕರೆಲ್ಲ ಬುದ್ಧಿ ಹೇಳಿದರು. ಅವನು ಯಾರ ಮಾತನ್ನೂ ಕೇಳದೆ ಬಂಪರಿನ ಕೆಳಗೆ, ನೆಲದಿಂದ ಮೊಳದೆತ್ತರಕ್ಕೆ ಕೂರಿಸಿದ. ಮಂಜು ನೆಲಕ್ಕಿಂತ ಚೂರು ಮೇಲೆ ನಿಲ್ಲುತ್ತದೆ, ಬೆಳಕು ಅದರ ಅಡಿಯಿಂದ ನುಗ್ಗಬೇಕು. ಮೇಲಿಂದ ಬಿಟ್ಟರೆ ಮಂಜಿಗೆ ಬಡಿದು ವಾಪಸು ನಮ್ಮ ಮುಖಕ್ಕೇ ಬರುತ್ತದೆ. ಇದನ್ನು ಅವನು ಪೂವಮ್ಮನಿಗೆ ಎಷ್ಟು ಸಲ ವಿವರಿಸಿದನೆಂದರೆ, ಅವಳು ಬೇಕಾದರೆ ಇನ್ನೊಬ್ಬರಿಗೆ ಪಾಠ ಮಾಡಬಹುದಿತ್ತು.

ಕೊನೆಗೆ ಉಳಿದದ್ದು ದೀಪಗಳ ಗುರಿ ಹಿಡಿಯುವುದು. ಒಂದು ಮುಸ್ಸಂಜೆ ಕಾಫಿ ಒಣಗಿಸುವ ಕಣದಲ್ಲಿ ಕಾರು ತಂದು ನಿಲ್ಲಿಸಿದ. ಎದುರಿಗೆ ಪುತ್ತರಿಗೆಂದು ಸುಣ್ಣ ಬಳಿದ ಗೋದಾಮಿನ ಗೋಡೆ. ಇಪ್ಪತ್ತೈದು ಅಡಿ ಪೂವಮ್ಮನೇ ಅಳೆದಳು. ದೀಪದ ಎತ್ತರ ನೋಡಿ ಗೋಡೆಯ ಮೇಲೆ ಇದ್ದಿಲಿನಿಂದ ನಾಲ್ಕು ಗುಣಿಸುಗುರುತು ಹಾಕಿದವಳೂ ಅವಳೇ. ಬೆಳಕಿನ ನೆತ್ತಿ ಆ ಗುರುತಿನಿಂದ ಒಂದು ಚೋಟು ಕೆಳಗೆ ಬೀಳಬೇಕು. ಕುಶಾಲಪ್ಪ ಸೀಟಿನಲ್ಲಿ ಕೂತು ದೀಪ ಹಾಕಿದ. ಗೋಡೆ ಬೆಳ್ಳಗೆ ಎದ್ದು ನಿಂತಿತು.

"ಎಡದ್ದು ಸರಿ ಬಾತಾ?" ಎಂದು ಅಲ್ಲಿಂದ ಕೂಗಿದ.

"ಮೇಲೆ ಹೋಗುಟ್ಟು. ಅಲ್ಲಿಂದ ನಿಮಿಗೆ ಕಾಣ್ತಿಲ್ಲೆಯಾ?"

"ಬೆಳ್ಕ್ ಕಣ್ಣಿಗೆ ಹೊಡಿತುಟ್ಟು ಪೂವಿ, ನೀ ಹೇಳು."

ಪೂವಮ್ಮ ಗೋಡೆಯ ಪಕ್ಕದಲ್ಲಿ ನಿಂತು ಎರಡು ನಿಮಿಷ ಯೋಚನೆ ಮಾಡಿದಳು. ಟಾರ್ಚು ಹಿಡಿದವನ ಕಣ್ಣಿಗೆ ಟಾರ್ಚಿನ ಬೆಳಕು ಹೊಡೆಯುವುದುಂಟೆ? ಮಂಜೂ ಇಲ್ಲ, ಎದುರಿಂದ ಗಾಡಿಯೂ ಇಲ್ಲ. ಕಾರಿನ ಹತ್ತಿರ ಹೋಗಿ, ನೀವು ಇಳಿದು ಸ್ಕ್ರೂ ತಿರುಗಿಸಿ, ನಾನು ಇಲ್ಲಿಂದ ನೋಡುತ್ತೇನೆ ಎಂದು ಅವನನ್ನು ಇಳಿಸಿ ತಾನು ಆ ಸೀಟಿನಲ್ಲಿ ಕೂತಳು. ಗುರುತು ನಾಲ್ಕೂ ಎದುರಿಗೇ ಇದ್ದವು. ಸುಣ್ಣದ ಕುಂಚ ಎಳೆದ ಗೆರೆಗಳೂ ಕಾಣುತ್ತಿದ್ದವು. ಕೆಲಸ ಮುಗಿದು ಅವನು ಮತ್ತೆ ಸೀಟಿಗೆ ಬಂದಾಗ ಅವಳು ಬಾಗಿಲು ಹಿಡಿದು ನಿಂತು ಹೇಳಿದಳು:

"ನೋಡಿ, ಬಲದ ಗುರುತಿನ ಹತ್ರ ಎಷ್ಟು ದೊಡ್ಡ ಹಲ್ಲಿ ಉಟ್ಟು."

ಕುಶಾಲಪ್ಪ ಮುಂದಕ್ಕೆ ಬಗ್ಗಿ ನೋಡಿದ. "ಹ್ಞಾಂ, ಹ್ಞಾಂ. ಭಾರಿ ದೊಡ್ಡದು ಉಟ್ಟಲಾ," ಎಂದ.

ಗೋಡೆಯ ಮೇಲೆ ಹಲ್ಲಿ ಇರಲಿಲ್ಲ.

ಪೂವಮ್ಮ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಒಂದೊಂದೇ ಸೇರಿಕೊಂಡು ಬಂತು. ಪೇಪರಿನವರು ಅಕ್ಷರ ಚಿಕ್ಕದು ಮಾಡಿದ್ದಾರೆ ಎಂದು ಅವಳ ಕೈಲಿ ಓದಿಸುತ್ತಿದ್ದುದು, ವೈರಿನ ಬಣ್ಣ ಕೇಳುತ್ತಿದ್ದುದು, ಸ್ಕ್ರೂ ತಿರುಗಿಸಲು ಕರೆಯುತ್ತಿದ್ದುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರೆ, ಅವಳಿಗಾದರೂ ತನಗೆ ಕುಣಿಯಲು ಬಾರದು ಎನ್ನುವುದು ಗೊತ್ತಿತ್ತು. ಈ ಮನುಷ್ಯ ನಿಜವಾಗಿಯೂ ದೀಪವೇ ಮಂಕಾಗಿದೆ ಎಂದು ನಂಬಿಕೊಂಡು ಆರು ತಿಂಗಳಿಂದ ದೀಪ ರಿಪೇರಿ ಮಾಡುತ್ತಿದ್ದಾನೆ. ಅವಳಿಗೆ ಸಿಟ್ಟು ಬರಲಿಲ್ಲ. ಪಾಪ ಎನಿಸಿತು, ಹೆದರಿಕೆಯೂ ಆಯಿತು. ಹೇಳಿದರೆ ಅವನ ಮಾನ ಹೋಗುತ್ತದೆ, ಹೇಳದಿದ್ದರೆ ಯಾರದೋ ಪ್ರಾಣ ಹೋಗುತ್ತದೆ.

ಮರುದಿನ ಕಾಫಿ ಕೊಡುವಾಗ ಮೆಲ್ಲಗೆ ಬಾಯಿ ಬಿಟ್ಟಳು. "ಗೂಡೆಗೆ ದಿನ ಹತ್ರ ಬಾತ್. ಗೋಣಿಕೊಪ್ಪಲಿನ ಟ್ಯಾಕ್ಸಿಗೆ ಒಂದ್ ಮಾತು ಹೇಳಿಟ್ರೆ ಹೆಂಗೆ?"

ಕುಶಾಲಪ್ಪ ಲೋಟ ಕೆಳಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಅವಳೂ ಒಂದು ಮಾತು ಆಡಿ ನಿಜ ಹೇಳಿಬಿಡುತ್ತಿದ್ದಳೇನೋ. "ಏಕೆ ಪೂವಿ, ನಾ ಇಲ್ಲೆಯಾ?" ಎಂದಷ್ಟೇ ಕೇಳಿದ. ಆ ಮುಖ ನೋಡಿ ಅವಳು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳಂತೆ ಎದ್ದು ಹೋದಳು. ಭಾನುವಾರ ಸಂತೆಗೆ ಹೋಗುವವರ ಕೈಲಿ ಗುಟ್ಟಾಗಿ ಟ್ಯಾಕ್ಸಿಯವನಿಗೆ ಹೇಳಿಕಳಿಸುವುದು ಎಂದು ತನ್ನಷ್ಟಕ್ಕೆ ತೀರ್ಮಾನಿಸಿದಳು. ಆದರೆ ಹೆರಿಗೆಗೆ ಭಾನುವಾರ ಸೋಮವಾರ ಗೊತ್ತಿದೆಯೇ? ಶುಕ್ರವಾರ ಬೆಳಿಗ್ಗೆ, ಹೇಳಿದ ದಿನಕ್ಕೆ ಇನ್ನೂ ಎರಡು ವಾರ ಇರುವಾಗಲೇ, ದಮಯಂತಿಗೆ ನೋವು ಬಂತು.

ಲೈನಿನಲ್ಲಿ ಹೆರಿಗೆ ಮಾಡಿಸುವ ಸಣ್ಣಿಯನ್ನು ಕರೆಸಿದರು. ನೂರು ಮಕ್ಕಳನ್ನು ಕೈಯಲ್ಲಿ ಹಿಡಿದ ಮುದುಕಿ ಅವಳು. ಹೊಟ್ಟೆ ಮುಟ್ಟಿ ನೋಡಿ ಪೂವಮ್ಮನನ್ನು ಹೊರಗೆ ಕರೆದಳು. "ಮಗು ಅಡ್ಡ ನಿಂತದೆ ಅವ್ವ. ಇದು ನನ್ನ ಕೈಲಿ ಆಗೂದಲ್ಲ. ವಿರಾಜಪೇಟೆ ಆಸ್ಪತ್ರೆಗೆ ಎತ್ತಾಕಿ, ಬೇಗ."

ಹೊರಗೆ ಮಂಜು ಜಗಲಿಯವರೆಗೆ ಬಂದು ಕೂತಿತ್ತು. ಗೋಣಿಕೊಪ್ಪಲಿಗೆ ಆಳು ಓಡಿ ಟ್ಯಾಕ್ಸಿ ಬರಲು ಎರಡು ಗಂಟೆ. ಅಷ್ಟರಲ್ಲಿ ಶೆಡ್ಡಿನಿಂದ ಇಂಜಿನಿನ ಸದ್ದು ಕೇಳಿತು. ಹಳೆಯ ಮಿಲಿಟರಿ ಕೋಟು ಹಾಕಿಕೊಂಡು ಕುಶಾಲಪ್ಪ ಕಾರು ತಂದು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿಯೇಬಿಟ್ಟ. ಹಳದಿ ದೀಪಗಳು ಉರಿಯುತ್ತಿದ್ದವು.

ದಮಯಂತಿಯನ್ನು ಹಿಂದಿನ ಸೀಟಿನಲ್ಲಿ ಸಣ್ಣಿಯ ತೊಡೆಗೆ ಒರಗಿಸಿ ಮಲಗಿಸಿದರು. ಪೂವಮ್ಮ ಮುಂದಿನ ಬಾಗಿಲು ತೆಗೆದಳು.

"ನೀ ಹಿಂದೆ ಕೂರು, ಗೂಡೆನ ಹಿಡ್ಕೊ."

"ಸಣ್ಣಿ ಉಟ್ಟಲಾ. ನಾನೇ ಬಿಗಿದ ಸ್ಕ್ರೂ, ದೀಪ ಹೆಂಗೆ ಬೆಳಗ್ತದೆ ಅಂತ ನಂಗೂ ನೋಡಿಕೆ ಬೇಡವಾ?"

ಆ ಮಾತಿಗೆ ಅವನು ನಕ್ಕುಬಿಟ್ಟ. ಅವಳು ಕೂತಳು.

ಸತ್ಯ ಹೇಳಬೇಕೆಂದರೆ ಆ ಮಂಜಿನಲ್ಲಿ ಕುಶಾಲಪ್ಪ ಗಂಡಸಾಗಿ ಓಡಿಸಿದ. ಹಳದಿ ಬೆಳಕು ಮಂಜಿನ ಅಡಿಯಲ್ಲಿ ನುಸುಳಿ ರಸ್ತೆಯನ್ನು ನೆಕ್ಕಿಕೊಂಡು ಹೋಗುತ್ತಿತ್ತು. ಕೆಂಪು ಮಣ್ಣಿನ ಅಂಚು ಪೂವಮ್ಮನಿಗೆ ಹತ್ತು ಹೆಜ್ಜೆ ಮುಂದಕ್ಕೂ ಕಾಣುತ್ತಿತ್ತು. "ಎಡಕ್ಕೆ ಚರಂಡಿ ಬಾತ್," "ಬಲಕ್ಕೆ ಚೂರು," ಎಂದು ಅವಳು ಮಾತಿನಂತೆ ಹೇಳುತ್ತ ಹೋದಳು, ಅವನು ಕೇಳದವನಂತೆ ಕೇಳುತ್ತ ತಿರುಗಿಸಿದ. ತಿರುವುಗಳು ಅವನ ಕೈಗೆ ಗೊತ್ತಿದ್ದವು. ಗೋಣಿಕೊಪ್ಪಲು ದಾಟಿದ ಮೇಲೆ ಎರಡು ಲಾರಿಗಳು ದೊಡ್ಡ ದೀಪ ಹಾಕಿಕೊಂಡು, ಎದುರಿಗೆ ಬಿಳಿ ಗೋಡೆ ಕಟ್ಟಿಕೊಂಡು ಬದಿಗೆ ನಿಂತಿದ್ದವು. ಒಬ್ಬ ಕ್ಲೀನರು ಟವೆಲು ಬೀಸಿ, "ಹೋಗಬೇಡಿ, ಬಿಡಲಿ ಮಂಜು," ಎಂದು ಕೂಗಿದ. ಕುಶಾಲಪ್ಪ ಎದೆಯುಬ್ಬಿಸಿ ಅವರನ್ನು ದಾಟಿ ಹೋದ. ಆ ಹೊತ್ತಿನಲ್ಲಿ ಪೂವಮ್ಮನಿಗೂ ಗಂಡನ ಮೇಲೆ ಹೆಮ್ಮೆ ಬಂತು, ಸುಳ್ಳೇಕೆ ಹೇಳಬೇಕು. ಮಂಜಿನಲ್ಲಿ ಎಲ್ಲರೂ ಕುರುಡರೇ. ಅಲ್ಲಿ ಅವನಷ್ಟು ಚೆನ್ನಾಗಿ ಓಡಿಸುವವನು ಇನ್ನೊಬ್ಬನಿರಲಿಲ್ಲ.

ಬಿಟ್ಟಂಗಾಲದ ಏರು ಹತ್ತುವಾಗ ಮಂಜು ಹರಿಯಿತು. ಮೊದಲು ಸಿಲ್ವರ್ ಓಕಿನ ತುದಿಗಳು ಕಂಡವು, ಆಮೇಲೆ ನೀಲಿ ಆಕಾಶ, ಆಮೇಲೆ ಒಂದೇ ಸಲಕ್ಕೆ ಬಿಸಿಲು. ಒದ್ದೆ ಕಾಫಿ ಎಲೆಗಳು ಕಣ್ಣು ಕೋರೈಸಿದವು. ಉಸ್ಸಪ್ಪಾ ಎಂದು ಪೂವಮ್ಮ ಸೀಟಿಗೆ ಒರಗಿದಳು. ಇನ್ನು ಜೋರಾಗಿ ಹೋಗಬಹುದು ಎಂದುಕೊಂಡಳು. ಕಾರು ಜೋರಾಗಲಿಲ್ಲ. ಕುಶಾಲಪ್ಪ ಸ್ಟೇರಿಂಗಿಗೆ ಇನ್ನಷ್ಟು ಹತ್ತಿರ ಬಗ್ಗಿದ.

"ಇಲ್ಲಿ ಇನ್ನೂ ದಪ್ಪ ಆತಲಾ," ಎಂದ. "ಇವತ್ತ್ ಈ ಮಂಜು ಬಿಡುವಂಗೆ ಕಾಣ್ತಿಲ್ಲೆ."

ಪೂವಮ್ಮ ತಿರುಗಿ ಅವನ ಕಣ್ಣುಗಳನ್ನೇ ನೋಡಿದಳು. ಕಣ್ಣು ಮಂಕಾಗಿದೆ ಎಂದು ಗೊತ್ತಿತ್ತು. ಇಷ್ಟು ಎಂದು ಗೊತ್ತಿರಲಿಲ್ಲ. ಮಂಜು ಗದ್ದೆಬಯಲಿನದಲ್ಲ, ಅವನ ಕಣ್ಣಿನೊಳಗಿನದು, ಅದು ಬಿಸಿಲಿಗೂ ಜೊತೆಗೆ ಬಂದಿತ್ತು. ನಿಲ್ಲಿಸಿ ಎಂದರೆ ನಿಲ್ಲಿಸುತ್ತಾನೆ. ಆಮೇಲೆ? ಓಡಿಸಲು ಇನ್ನೊಬ್ಬರಿಲ್ಲ, ಹಿಂದೆ ಗೂಡೆ ನರಳುತ್ತಿದ್ದಾಳೆ, ವಿರಾಜಪೇಟೆ ಇನ್ನೂ ನಾಲ್ಕು ಮೈಲಿ. ಬಿಸಿಲು ಬಂದಿದೆ ಎಂದು ಈಗ ಹೇಳಿದರೆ ಆ ಕೈಗಳು ನಡುಗುತ್ತವೆ, ನಡುಗುವ ಕೈಯಲ್ಲಿ ನಾಲ್ಕು ಜೀವ. ಅವಳು ಸುಳ್ಳನ್ನೇ ಹಿಡಿದಳು.

"ಹೌದು, ಭಾರಿ ದಪ್ಪ ಉಟ್ಟು. ಮೆಲ್ಲ ಹೋಗಿ. ನಾ ಅಂಚು ಹೇಳ್ತಾ ಹೋಗ್ತೆ."

ಹಿಂದಿನಿಂದ ಸಣ್ಣಿ, "ಯಾವ ಮಂಜವ್ವ, ಬಿಸ್‌ಲು..." ಎಂದು ಸುರುಮಾಡಿದಳು. ಪೂವಮ್ಮ ತಿರುಗಿ ನೋಡಿದ ನೋಟಕ್ಕೆ ಅವಳ ಮಾತು ಅಲ್ಲೇ ನಿಂತಿತು. ಮುದುಕಿ ಒಮ್ಮೆ ಹೊರಗೆ ನೋಡಿದಳು, ಒಮ್ಮೆ ಕುಶಾಲಪ್ಪನ ಬಗ್ಗಿದ ಬೆನ್ನು ನೋಡಿದಳು. "ಮಂಜು, ಮಂಜು," ಎಂದಳು ಗಟ್ಟಿಯಾಗಿ. "ಇಂಥ ಮಂಜು ನಾ ಹುಟ್ಟಿದಾಗಿಂದ ನೋಡ್ಲಿಲ್ಲ."

ದಮಯಂತಿಯ ಮುಖದ ಮೇಲೂ ಬಿಸಿಲು ಬಿದ್ದಿತ್ತು. ನೋವಿನ ನಡುವೆ ಕಣ್ಣು ತೆರೆದು ಕಿಟಕಿ ನೋಡಿದಳು, ದೊಡ್ಡವ್ವನನ್ನು ನೋಡಿದಳು. ಅವಳಿಗೂ ತಿಳಿಯಿತು. ತುಟಿ ಕಚ್ಚಿ ಒಂದು ನೋವನ್ನು ದಾಟಿಸಿ, "ದೊಡ್ಡಪ್ಪ," ಎಂದು ಕರೆದಳು. "ಮೆಲ್ಲ ಹೋಗಿ. ಅವಸರ ಇಲ್ಲೆ."

ಆ ಕಾರಿನಲ್ಲಿ ಎಲ್ಲರಿಗಿಂತ ಅವಸರ ಇದ್ದವಳು ಅವಳೇ. ಪೂವಮ್ಮ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿ, ಮತ್ತೆ ರಸ್ತೆಗೆ ನೆಟ್ಟಳು. ಇನ್ನು ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಹೀಗೆ ಆ ಕಪ್ಪು ಕಾರು, ಹೆಡ್‌ಲೈಟು ಎರಡು, ಹಳದಿ ದೀಪ ಎರಡು, ನಾಲ್ಕನ್ನೂ ಉರಿಸಿಕೊಂಡು ಬೆಳ್ಳನೆ ಬಿಸಿಲಿನಲ್ಲಿ ನಡೆಯುವವನ ವೇಗಕ್ಕೆ ವಿರಾಜಪೇಟೆಯ ರಸ್ತೆಯಲ್ಲಿ ಹೋಯಿತು. ಕಾಫಿ ಪಿಕ್ಕಿಂಗಿಗೆ ಹೊರಟ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. ಸ್ಕೂಲಿಗೆ ಹೋಗುವ ಮಕ್ಕಳು ಬೆರಳು ಮಡಚಿ ಬಿಚ್ಚಿ, ಲೈಟು ಲೈಟು ಎಂದು ಸನ್ನೆ ಮಾಡಿದರು. ಪೂವಮ್ಮ ಕಿಟಕಿಯಿಂದ ಕೈ ಹಾಕಿ ಸುಮ್ಮನಿರಿ ಎಂದು ಬೀಸಿದಳು. ಹಿಂದಿನಿಂದ ಬಸ್ಸೊಂದು ಬಡಕೊಂಡಿತು.

"ಯಾರದು ಹಾರ್ನ್?"

"ಬಸ್ಸು. ಬಿಡಿ, ಮುಂದೆ ಹೋಗ್ಲಿ." ಅವಳು ಕೈ ಬೀಸಿ ಬಸ್ಸನ್ನು ದಾಟಿಸಿದಳು. ಡ್ರೈವರು ಅವಳ ಕಡೆ ನೋಡಿ ತಲೆ ಸರಿ ಇದೆಯಾ ಎಂದು ಬೆರಳು ತಿರುಗಿಸಿದ.

"ಈ ಮಂಜಲಿ ಇಷ್ಟು ಜೋರಾ? ಬೇವಕೂಫ್!" ಎಂದು ಕುಶಾಲಪ್ಪ ಬೈದ. "ಜನರ ಜೀವದ ಬೆಲೆ ಗೊತ್ತಿಲ್ಲೆ ಇವುಕ್ಕೆ."

ಪೂವಮ್ಮ ಹೌದೆಂದಳು. ಬೇರೆ ದಿನವಾಗಿದ್ದರೆ ಈ ಮಾತು ಹೇಳಿಕೊಂಡು ಒಂದು ವಾರ ನಗಬಹುದಿತ್ತು.

ಸೇತುವೆ ಕಳೆದು ತಗ್ಗಿನಲ್ಲಿ ಅವಳು, "ನಿಲ್ಸಿ!" ಎಂದು ಕಿರುಚಿದಳು. ಕಾರು ಎಗರಿ ನಿಂತಿತು. ಬಂಪರಿನಿಂದ ಎರಡು ಮೊಳ ದೂರದಲ್ಲಿ, ನಡುರಸ್ತೆಯಲ್ಲಿ ಬಿಸಿಲು ಕಾಯಿಸುತ್ತ ಬಿಳಿ ದನವೊಂದು ಮಲಗಿತ್ತು. ಕುಶಾಲಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಮಂಜಿನ ಬಣ್ಣದ ದನ, ಎಲ್ಲಿ ಕಾಣ್ತದೆ," ಎಂದು ಗೊಣಗಿದ. ಅವನ ದನಿಯಲ್ಲಿ ಮೊದಲ ಸಲ ಅಳುಕು ಇತ್ತು. ಪೂವಮ್ಮ ಇಳಿದು ದನ ಎಬ್ಬಿಸಿ ಓಡಿಸಿ ಬಂದು ಕೂತಳು.

ಆಸ್ಪತ್ರೆಯ ಮೆಟ್ಟಿಲಿಗೆ ಕಾರು ಮುಟ್ಟಿದಾಗ ಗಂಟೆ ಒಂಬತ್ತೂವರೆ. ನರ್ಸು ಯಮುನ ಎಂಬವಳು ಓಡಿಬಂದಳು. ಸ್ಟ್ರೆಚರು ಬಂತು, ದಮಯಂತಿ ಒಳಗೆ ಹೋದಳು, ಪೂವಮ್ಮನೂ ಸಣ್ಣಿಯೂ ಹಿಂದೆ ಹೋದರು. ಎದುರಿನ ಅಂಗಡಿಯಿಂದ ಬೆಳ್ಯಪ್ಪನ ಎಸ್ಟೇಟಿನ ಆಫೀಸಿಗೆ ಫೋನು ಮಾಡಿಸಿದರು. ಆಪರೇಷನ್ ಮಾಡಬೇಕಾದೀತು ಎಂದ ಡಾಕ್ಟರು, ಕೊನೆಗೆ ಕೈಯಿಂದಲೇ ತಿರುಗಿಸಿ ಮಗುವನ್ನು ತೆಗೆದರು. ಹೆಣ್ಣು. ತಾಯಿ ಕ್ಷೇಮ. ಇನ್ನರ್ಧ ಗಂಟೆ ತಡವಾಗಿದ್ದರೆ ಏನೂ ಹೇಳಲು ಆಗುತ್ತಿರಲಿಲ್ಲ ಎಂದರು.

ಸುದ್ದಿ ಹೇಳಲು ಪೂವಮ್ಮ ಹೊರಗೆ ಬಂದಳು. ಕುಶಾಲಪ್ಪ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಕಾರಿನ ಹಿಂಬದಿಯಲ್ಲಿ ನಿಂತಿದ್ದ. ಅಂಗೈಯನ್ನು ಡಿಕ್ಕಿಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಎಳೆದು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡುತ್ತಿದ್ದ.

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿ ಒಳೊ," ಎಂದಳು.

ಅವನು ಆಕಾಶಕ್ಕೆ ಕೈ ಮುಗಿದ. ಆಮೇಲೆ ಆ ಕೈಯನ್ನು ಅವಳ ಮುಂದೆ ಹಿಡಿದ. ಬೆರಳ ತುಂಬ ಕೆಂಪು ಧೂಳು, ಹಿಟ್ಟಿನ ಹಾಗೆ ನಯವಾಗಿ ಒಣಗಿದ ಧೂಳು.

"ಮಂಜಲಿ ಬಂದ ಗಾಡಿ ಒದ್ದೆ ಇರ್ಬೇಕು ಪೂವಿ. ಧೂಳು ಕೆಸರಾಗಿ ಹಿಡ್ಕೊಂಡಿರ್ಬೇಕು. ಇದು ಒಣಗುಟ್ಟು. ತಗಡೂ ಕಾದುಟ್ಟು." ಬೆರಳನ್ನು ಇನ್ನೊಮ್ಮೆ ಉಜ್ಜಿದ. "ಎಲ್ಲಿಂದ ಬಿಸ್‌ಲು ಇತ್ತ್?"

ಈಗಷ್ಟೇ ಬಂತು ಎಂದುಬಿಡಬಹುದಿತ್ತು. ಅವನು ನಂಬುತ್ತಿದ್ದ, ನಂಬಲು ಅವನಿಗೂ ಆಸೆಯಿತ್ತು. ಆದರೆ ಸುಳ್ಳಿನಿಂದ ಆಗಬೇಕಾದ ಕೆಲಸ ಆಗಿಹೋಗಿತ್ತು. ಅದನ್ನು ಮನೆಗೂ ಕರೆದುಕೊಂಡು ಹೋಗಲು ಪೂವಮ್ಮನಿಗೆ ಮನಸ್ಸು ಬರಲಿಲ್ಲ.

"ಬಿಟ್ಟಂಗಾಲದಿಂದ."

"ಗೂಡೆಗೂ ಗೊತ್ತಿತ್ತಾ?"

"ಗೊತ್ತಿತ್ತ್."

"ಅವಸರ ಇಲ್ಲೆ ಅಂತ ಹೇಳ್ತಲಾ ಅದು," ಎಂದ. ಕಾರಿನ ಫುಟ್‌ಬೋರ್ಡಿನ ಮೇಲೆ ಕೂತು ಅತ್ತುಬಿಟ್ಟ. ಮದುವೆಯಾದಂದಿನಿಂದ ಪೂವಮ್ಮ ಅವನು ಅತ್ತದ್ದು ನೋಡಿರಲಿಲ್ಲ. ಅವಳೂ ಪಕ್ಕದಲ್ಲಿ ಕೂತಳು. ಸೆರಗಿನ ತುದಿಯಿಂದ ಅವನ ಬೆರಳಿನ ಧೂಳು ಒರೆಸಿದಳು.

ಹನ್ನೆರಡರ ಹೊತ್ತಿಗೆ ಬೆಳ್ಯಪ್ಪ ಬಸ್ಸಿಳಿದು ಓಡಿಬಂದ. ಹೆಂಡತಿ ಮಗುವನ್ನು ನೋಡಿಕೊಂಡು ಹೊರಗೆ ಬರುವಾಗ ಅವನಿಗೆ ನೆಲದ ಮೇಲೆ ಕಾಲಿರಲಿಲ್ಲ. ಜಗಲಿಯಲ್ಲಿ ಕಾಯುತ್ತಿದ್ದ ಹತ್ತಿಪ್ಪತ್ತು ಜನರ ಮುಂದೆಯೇ ಕುಶಾಲಪ್ಪನ ಕಾಲು ಮುಟ್ಟಿದ.

"ಮಾವ, ನೀವು ಇಲ್ಲೆಯಾಗಿದ್ರೆ ನನ್ನ ಸಂಸಾರವೇ ಇಲ್ಲೆ. ಬಸ್ಸಲಿ ಎಲ್ಲ ಹೇಳ್ತಿದ್ರು, ಗೋಣಿಕೊಪ್ಪಲು ಕಡೆ ಲಾರಿಗಳೇ ನಿಂತುಹೋಗಿದ್ದವಂತೆ. ಆ ಮಂಜಲಿ ನಿಮ್ಮ ಕಾರು ಒಂದೇ ಬಂದದ್ದಂತೆ!"

ಜನ ತಿರುಗಿ ನೋಡಿದರು. ಹವಾಲ್ದಾರರು, ಹವಾಲ್ದಾರರು ಎಂದು ಗುಸುಗುಸು ಹಬ್ಬಿತು. ಇರಲಿ ಬಿಡಿ ಎಂದು ಪೂವಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ಅರ್ಧ ದಾರಿ ನಿಜವೇ ತಾನೆ? ಇದೊಂದು ಹೊಗಳಿಕೆ ಇಟ್ಟುಕೊಳ್ಳಲಿ, ಮನೆಗೆ ಹೋಗಿ ಮೆಲ್ಲಗೆ ಕಾರಿನ ಬೀಗದ ಕೈ ತೆಗೆದಿಟ್ಟರಾಯಿತು.

ಕುಶಾಲಪ್ಪ ಎದ್ದು ನಿಂತ. ಪೆರೇಡಿನಲ್ಲಿ ನಿಂತಂತೆ ನಿಂತ. ಎಲ್ಲರಿಗೂ ಕೇಳಲೆಂದೋ ಏನೋ, ಮನೆಮಾತು ಬಿಟ್ಟು ಕನ್ನಡದಲ್ಲೇ ಹೇಳಿದ.

"ಮಂಜು ಬಿಟ್ಟಂಗಾಲದವರೆಗೆ ಮಾತ್ರ ಇತ್ತು ಬೆಳ್ಯಪ್ಪ. ಅಲ್ಲಿಂದ ಇಲ್ಲಿಗೆ ಬಿಸಿಲು. ನನಗೆ ಕಾಣಲಿಲ್ಲ. ಬಸ್ಸು ದಾಟಿದ್ದೂ ಕಾಣಲಿಲ್ಲ, ದನ ಮಲಗಿದ್ದೂ ಕಾಣಲಿಲ್ಲ. ನನ್ನ ಕಣ್ಣು ಹೋಗಿದೆ. ನಿನ್ನ ಹೆಂಡತಿಯನ್ನು ಕರೆದುಕೊಂಡು ಬಂದವಳು ಇವಳು. ನಾನು ಸ್ಟೇರಿಂಗ್ ಹಿಡಿದುಕೊಂಡಿದ್ದೆ, ಅಷ್ಟೇ."

ಬೆಳ್ಯಪ್ಪನ ಬಾಯಿ ತೆರೆದೇ ಇತ್ತು. ನರ್ಸು ಯಮುನ ಹತ್ತಿರ ಬಂದು ಕುಶಾಲಪ್ಪನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಎರಡರಲ್ಲೂ ಪೊರೆ ಬಂದದೆ ಅಂತ ಕಾಣ್ತದೆ. ಮೈಸೂರಲ್ಲಿ ತೆಗೀತಾರೆ. ಮೊದಲಿನ ಹಾಗೇ ಆಗ್ತದೆ ಅಂತ ನಾನು ಹೇಳೂದಿಲ್ಲ, ಆದ್ರೆ ತೋರ್ಸಿ," ಎಂದಳು. ಕುಶಾಲಪ್ಪ ತಲೆಯಾಡಿಸಿದ. ಜೇಬಿನಿಂದ ಬೀಗದ ಕೈ ತೆಗೆದು ಬೆಳ್ಯಪ್ಪನ ಅಂಗೈಯಲ್ಲಿಟ್ಟು, ತಾನೇ ಅವನ ಬೆರಳು ಮಡಚಿದ. ಎಸ್ಟೇಟಿನ ಜೀಪು ಓಡಿಸಿ ಬೆಳ್ಯಪ್ಪನಿಗೆ ಅಭ್ಯಾಸವಿತ್ತು.

ಬಾಣಂತಿಯ ಹತ್ತಿರ ಸಣ್ಣಿಯನ್ನು ಬಿಟ್ಟು, ಬಟ್ಟೆ ಪಾತ್ರೆ ತರಲು ಮೂವರೂ ಮನೆಗೆ ಹೊರಟರು. ಮುಂದೆ ಕೂರಿ ಎಂದರೂ ಕುಶಾಲಪ್ಪ ಕೇಳಲಿಲ್ಲ, ಹಿಂದಿನ ಬಾಗಿಲು ತಡವಿ ತೆರೆದು ಹತ್ತಿದ. ಅವನ ಕಾರಿನ ಹಿಂದಿನ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಎಲ್ಲಿ ಕೈಯಿಡಬೇಕು, ಎಲ್ಲಿ ಕಾಲು ಚಾಚಬೇಕು ಒಂದೂ ತಿಳಿಯದೆ ನೆಂಟರ ಮನೆಗೆ ಬಂದವನಂತೆ ತುದಿಯಲ್ಲಿ ಕೂತ. ಪೂವಮ್ಮ ಪಕ್ಕದಲ್ಲಿ ಕೂತಳು.

ಬೆಳ್ಯಪ್ಪ ನಿಧಾನವಾಗಿಯೇ ಓಡಿಸಿದ. ಆದರೂ ತಿರುವು ಬಂದಾಗಲೆಲ್ಲ ಕುಶಾಲಪ್ಪನ ಬಲಗಾಲು ಮುಂದೆ ಹೋಗಿ ಕೆಳಗಿನ ಚಾಪೆಯನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕಿಲ್ಲ ಎಂದು ಕಾಲಿಗೆ ಯಾರು ಹೇಳುವುದು? ಪೂವಮ್ಮ ಅವನ ಮಂಡಿಯ ಮೇಲೆ ಕೈಯಿಟ್ಟಳು. ಬಿಟ್ಟಂಗಾಲ ಕಳೆಯಿತು, ಗೋಣಿಕೊಪ್ಪಲು ಕಳೆಯಿತು. ಅವನ ಕಾಲು ಒತ್ತುವುದನ್ನು ಬಿಡಲಿಲ್ಲ, ಅವಳೂ ಕೈ ತೆಗೆಯಲಿಲ್ಲ.